ಅಲಿಗೇಟರ್ ಇರುವ ನೀರಿನಲ್ಲಿ ಹುಟ್ಟು ಹಾಕುವುದು, ಈಜುವುದು, ರಾತ್ರಿ ತಂಗುವುದು: ಸಮಗ್ರ ಮಾರ್ಗದರ್ಶಿ

ಪ್ರತಿ ಚಳಿಗಾಲ ನನಗೆ ಇಂಥದ್ದೊಂದು ಫೋನ್ ಬಂದೇ ಬರುತ್ತದೆ. ಯಾರೋ ಸ್ನೇಹಿತರು ಫ್ಲೋರಿಡಾಗೆ ಬಂದಿರುತ್ತಾರೆ, ಕಯಾಕ್ ಬಾಡಿಗೆಗೆ ತಗೊಂಡಿರುತ್ತಾರೆ, ಮಕ್ಕಳಿಗೆ ಲೈಫ್ ಜಾಕೆಟ್ ಕೂಡ ಹಾಕಿ ಆಗಿರುತ್ತದೆ, ಆಮೇಲೆ ನೋಡಿದರೆ ದೋಣಿ ಇಳಿಸುವ ಜಾಗದಲ್ಲೇ ಮೊಸಳೆಯ ಹತ್ತಿರದ ಬಂಧುವಾದ ಒಂದು ಅಲಿಗೇಟರ್ ಮಲಗಿರುತ್ತದೆ. "ಈಗ ಏನ್ ಮಾಡೋದು?" ಅಂತ ಕೇಳುತ್ತಾರೆ. ಹೋದ ವರ್ಷ ಎರಡು ಕುಟುಂಬಗಳು ಅಲ್ಲಿಂದಲೇ ವಾಪಸ್ ಹೋದವು. ಇನ್ನೊಂದು ಕುಟುಂಬ ವಾಪಸ್ ಹೋಗಬೇಕಿತ್ತು, ಹೋಗಲಿಲ್ಲ, ಅದರ ಪಕ್ಕದಲ್ಲೇ ದೋಣಿ ಇಳಿಸಿತು. ಏನೂ ಆಗಲಿಲ್ಲ ಎನ್ನುವುದು ಅವರ ಪುಣ್ಯ.

ಎಲ್ಲರೂ ಎಡವುವುದು ಒಂದೇ ಕಡೆ. ನೀರಿನ ನಡುವೆ ಜೀವ ಕೈಯಲ್ಲಿ ಹಿಡಿದು ಕೂರುತ್ತಾರೆ, ದಡಕ್ಕೆ ಬಂದ ತಕ್ಷಣ ಮೈಮರೆಯುತ್ತಾರೆ. ಇದು ಉಲ್ಟಾ ಆಗಬೇಕು. ಅಲಿಗೇಟರ್ ಕಾದು ಕೂರುವ ಜಾಗ ನೀರೂ ನೆಲವೂ ಸೇರುವ ಆ ಹತ್ತಡಿ ಅಂಚು. ಜಿಂಕೆ, ರಕೂನ್, ಹಕ್ಕಿ ಎಲ್ಲವೂ ನೀರಿಗೆ ಬರುವುದು ಅಲ್ಲಿಗೇ. ನಾವು ದೋಣಿ ಇಳಿಸುವುದು, ಪಾತ್ರೆ ತೊಳೆಯುವುದು, ಕಾಲು ತೊಳೆಯುವುದು, ಮಗು ಆಡುವುದು ಕೂಡ ಅಲ್ಲಿಯೇ. ಹಾಗಾಗಿ ಕೆಳಗಿನ ಹಂತಗಳಲ್ಲಿ ದಡದ ಮಾತು ಜಾಸ್ತಿ ಇದೆ.

ಇಲ್ಲಿ ಹೇಳುವುದೆಲ್ಲ ಅಮೆರಿಕದ ಆಗ್ನೇಯ ಭಾಗದ ನೀರಿಗೆ ಸಂಬಂಧಿಸಿದ್ದು: ಫ್ಲೋರಿಡಾದ ಎವರ್‌ಗ್ಲೇಡ್ಸ್ ಜೌಗು, ಜಾರ್ಜಿಯಾದ ಓಕೆಫೆನೋಕಿ ಜೌಗು, ಫ್ಲೋರಿಡಾದ ಸ್ಪ್ರಿಂಗ್‌ಗಳು (ನೆಲದಡಿಯಿಂದ ಉಕ್ಕುವ ನೀರಿನ ಬುಗ್ಗೆಗಳು) ಮತ್ತು ಅವುಗಳಿಂದ ಹುಟ್ಟುವ ನದಿಗಳು. ದಯವಿಟ್ಟು ಇದನ್ನು ಓದಿಕೊಂಡು ದಾಂಡೇಲಿಯ ಕಾಳಿ ನದಿಗೋ ಕಾವೇರಿಗೋ ಇಳಿಯಬೇಡಿ. ಅಲ್ಲಿರುವುದು ಮಗ್ಗರ್ ಮೊಸಳೆ. ಅದು ಬೇರೆ ಪ್ರಾಣಿ, ಅದರ ಸ್ವಭಾವವೂ ಬೇರೆ. ಅಲಿಗೇಟರ್ ಸಾಮಾನ್ಯವಾಗಿ ಮನುಷ್ಯರಿಂದ ದೂರ ಸರಿಯುತ್ತದೆ, ಈ ಇಡೀ ಬರಹ ನಿಂತಿರುವುದೇ ಆ ನಂಬಿಕೆಯ ಮೇಲೆ. ಮಗ್ಗರ್ ವಿಷಯದಲ್ಲಿ ಹಾಗೆ ನಂಬಿ ಕೂರಲು ಆಗುವುದಿಲ್ಲ.

ಹಂತ 1: ಮೊದಲು ತಿಂಗಳು, ಆಮೇಲೆ ಜಾಗ

ಹೆಚ್ಚಿನವರು ರಜೆ ನೋಡಿ ಟಿಕೆಟ್ ಬುಕ್ ಮಾಡುತ್ತಾರೆ. ಜೂನ್, ಜುಲೈನಲ್ಲಿ ಮಕ್ಕಳಿಗೆ ರಜೆ, ಸರಿ, ಜೂನ್‌ನಲ್ಲೇ ಕ್ಯಾಂಪಿಂಗ್. ದೊಡ್ಡ ತಪ್ಪು ಇಲ್ಲಿಂದಲೇ ಶುರು.

ಅಲಿಗೇಟರ್ ತಣ್ಣನೆ ರಕ್ತದ ಪ್ರಾಣಿ. ಹವೆ 82ರಿಂದ 92 ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗ, ಅಂದರೆ ಸುಮಾರು 28ರಿಂದ 33 ಸೆಲ್ಸಿಯಸ್‌ನಲ್ಲಿ, ಅದು ತುಂಬಾ ಚುರುಕು. 70 ಫ್ಯಾರನ್‌ಹೀಟ್‌ಗಿಂತ ಕೆಳಗೆ ಹೋದರೆ ತಿನ್ನುವುದನ್ನೇ ಬಿಡುತ್ತದೆ. 55ಕ್ಕಿಂತ ಕೆಳಗೆ ಹೋದರೆ ಹೆಚ್ಚುಕಡಿಮೆ ಜಡವಾಗಿ ಬಿದ್ದಿರುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಅವು ಜೋಡಿ ಹುಡುಕುವ ಕಾಲ, ದೊಡ್ಡ ಗಂಡುಗಳು ಜಾಗ ಬಿಟ್ಟು ಜಾಗಕ್ಕೆ ಓಡಾಡುತ್ತವೆ. ಜೂನ್ ಕೊನೆ, ಜುಲೈ ಶುರುವಿನಲ್ಲಿ ಹೆಣ್ಣು ಮೊಟ್ಟೆ ಇಡುತ್ತದೆ. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರಗಳವರೆಗೆ ಮರಿಗಳು ಹೊರಬರುತ್ತವೆ. ಈ ಇಡೀ ಕಾಲದಲ್ಲಿ ತಾಯಿ ಗೂಡಿನ ಸುತ್ತಮುತ್ತಲೇ ಇರುತ್ತದೆ.

ಹಾಗಾಗಿ ಮೊದಲ ಸಲ ಹೋಗುವವರಿಗೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯದು. ಸೊಳ್ಳೆ ಕಡಿಮೆ, ಮಧ್ಯಾಹ್ನದ ಗುಡುಗು ಮಳೆ ಇಲ್ಲ. ಒಂದು ಮಾತು ನೆನಪಿರಲಿ: ಎವರ್‌ಗ್ಲೇಡ್ಸ್‌ನಲ್ಲಿ ಅದು ಒಣ ಕಾಲ, ನೀರು ಇಳಿದಂತೆ ಉಳಿದ ಹೊಂಡಗಳಿಗೆ ಅಲಿಗೇಟರ್‌ಗಳು ಬಂದು ಸೇರುತ್ತವೆ. ಬಿಸಿಲು ಕಾಯಲು ದಡಕ್ಕೂ ಬರುತ್ತವೆ. ಅಂದರೆ ಕಣ್ಣಿಗೆ ಬೀಳುವುದು ಜಾಸ್ತಿ, ಚುರುಕು ಕಡಿಮೆ. ಬಿಸಿಲು ಕಾಯುವ ಅಲಿಗೇಟರ್ ಕಲ್ಲಿನ ಹಾಗೆ ಕಾಣುತ್ತದೆ ಅಂತ ಹತ್ತಿರ ಹೋಗುವ ಆಸೆ ಹುಟ್ಟುವುದೂ ಆಗಲೇ.

ಜಾಗ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಾವು ನೀರಿಗೆ ಇಳಿದು ಈಜಬೇಕಾ, ಇಲ್ಲಾ ದೋಣಿ ಮಾತ್ರ ಸಾಕಾ? ಎರಡೂ ಒಂದೇ ಜಾಗದಲ್ಲಿ ಸಿಗುವುದು ಕಮ್ಮಿ. ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದ ಕಾಲುವೆ, ಕೊಳ, ಸಿಹಿನೀರಿನ ಕೆರೆಗಳಲ್ಲಿ ಈಜುವಂತಿಲ್ಲ. ಓಕೆಫೆನೋಕಿಯಲ್ಲೂ ಈಜುವಂತಿಲ್ಲ. ಅಲ್ಲೆಲ್ಲ ದೋಣಿ ಮತ್ತು ಕ್ಯಾಂಪ್ ಮಾತ್ರ. ಈಜಬೇಕಿದ್ದರೆ ಉತ್ತರ ಮತ್ತು ಮಧ್ಯ ಫ್ಲೋರಿಡಾದ ಸ್ಪ್ರಿಂಗ್‌ಗಳಿಗೆ ಹೋಗಿ: ಅಲೆಕ್ಸಾಂಡರ್ ಸ್ಪ್ರಿಂಗ್ಸ್, ವೆಕೈವಾ ಸ್ಪ್ರಿಂಗ್ಸ್, ರೇನ್‌ಬೋ ಸ್ಪ್ರಿಂಗ್ಸ್. ಅಲ್ಲಿ ನೀರು ವರ್ಷವಿಡೀ ಸುಮಾರು 72 ಫ್ಯಾರನ್‌ಹೀಟ್, ತಳದ ಮರಳು ಕಾಣುವಷ್ಟು ತಿಳಿ. ಈಜುವ ಜಾಗಕ್ಕೆ ಗುರುತು ಹಾಕಿರುತ್ತಾರೆ.

ಫ್ಲೋರಿಡಾದಲ್ಲಿ ಸುಮಾರು 13 ಲಕ್ಷ ಅಲಿಗೇಟರ್‌ಗಳಿವೆ, ಅಲ್ಲಿನ 67 ಕೌಂಟಿಗಳಲ್ಲೂ, ಅಂದರೆ ಜಿಲ್ಲೆಗಳಲ್ಲೂ, ಇವೆ. ಆದ್ದರಿಂದ "ಈ ಕೆರೆಯಲ್ಲಿ ಇಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದೇ ಹೊತ್ತಿಗೆ, ಆಸ್ಪತ್ರೆಗೆ ಹೋಗಬೇಕಾದಂಥ, ಕೆಣಕದೆಯೇ ಆದ ಕಡಿತಗಳು ಇಡೀ ರಾಜ್ಯದಲ್ಲಿ ವರ್ಷಕ್ಕೆ ಸರಾಸರಿ ಎಂಟು. ಎರಡೂ ಸಂಖ್ಯೆಗಳನ್ನು ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳಿ.

ಹಂತ 2: ಪರ್ಮಿಟ್ ಮತ್ತು ಸಾಮಾನು

ಎವರ್‌ಗ್ಲೇಡ್ಸ್‌ನಲ್ಲೂ ಓಕೆಫೆನೋಕಿಯಲ್ಲೂ ರಾತ್ರಿ ಉಳಿಯಲು ಪರ್ಮಿಟ್ ಬೇಕು. ಯಾವ ರಾತ್ರಿ ಯಾವ ತಾಣ ಎಂದು ಅದರಲ್ಲೇ ಬರೆದಿರುತ್ತದೆ, ಅಲ್ಲೇ ಉಳಿಯಬೇಕು. ಮೊದಲ ಸಲ ಹೋಗುವವರು ದಿನಕ್ಕೆ ಹನ್ನೆರಡು ಮೈಲಿ ಅಂತ ಲೆಕ್ಕ ಹಾಕಿ ಬುಕ್ ಮಾಡುತ್ತಾರೆ. ಓಕೆಫೆನೋಕಿಯ ಕಿರಿದಾದ ದಾರಿಗಳಲ್ಲಿ ಜೊಂಡು, ತೇಲುವ ಕೆಸರು ಗಡ್ಡೆಗಳ ನಡುವೆ ಗಂಟೆಗೆ ಒಂದು ಮೈಲಿ ಸಾಗಿದರೂ ಕೆಲವು ಸಲ ಪುಣ್ಯವೇ. ಲೆಕ್ಕ ತಪ್ಪಿದರೆ ಕತ್ತಲಲ್ಲಿ ನೀರಿನ ಮೇಲೆ ಇರಬೇಕಾಗುತ್ತದೆ. ಅಲಿಗೇಟರ್ ಬೇಟೆಗೆ ಹೊರಡುವುದೂ ಸಂಜೆಯಿಂದ ಬೆಳಗಿನ ಜಾವದವರೆಗೆ. ದಿನಕ್ಕೆ ಎಂಟು ಮೈಲಿಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ.

ದೋಣಿಯ ಬಗ್ಗೆ: ಗಟ್ಟಿ ಮೈಯ, ಅಗಲ ತಳದ ಕನೂ ಅಥವಾ ಕಯಾಕ್ ತಗೊಳ್ಳಿ. ಗಾಳಿ ತುಂಬುವ ದೋಣಿ ಬೇಡ. ನಿಂತು ಹುಟ್ಟು ಹಾಕುವ ಹಲಗೆಯೂ ಹೊಸಬರಿಗೆ ಬೇಡ, ಅದರಿಂದ ನೀರಿಗೆ ಬೀಳದೆ ಕಲಿತವರು ಯಾರೂ ಇಲ್ಲ.

ಇಷ್ಟು ಕಡ್ಡಾಯವಾಗಿ ಜೊತೆಗಿರಲಿ:

- ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್, ಮೈಮೇಲೆ. ಫ್ಲೋರಿಡಾದ ಕಾನೂನು ಸಣ್ಣ ದೋಣಿಗಳಲ್ಲಿ ಆರು ವರ್ಷದೊಳಗಿನ ಮಕ್ಕಳು ಹಾಕಿಕೊಂಡೇ ಇರಬೇಕು ಎನ್ನುತ್ತದೆ. ನಾನು ಹೇಳುವುದು ಎಲ್ಲರಿಗೂ.
- ಜಾಕೆಟ್‌ಗೇ ಕಟ್ಟಿದ ಸೀಟಿ.
- ಹೆಡ್‌ಲ್ಯಾಂಪ್, ಒಬ್ಬರಿಗೊಂದು, ಜೊತೆಗೆ ಬೇರೆ ಬ್ಯಾಟರಿ.
- ಉದ್ದ ಹಿಡಿಯ ಚೊಂಬು ಅಥವಾ ಹಗ್ಗ ಕಟ್ಟಿದ ಬಕೆಟ್. ಇದನ್ನು ಯಾರೂ ತರುವುದಿಲ್ಲ, ನನ್ನ ಮಟ್ಟಿಗೆ ಪಟ್ಟಿಯಲ್ಲಿ ಇದೇ ಮುಖ್ಯ.
- ಗಟ್ಟಿ ಮುಚ್ಚಳದ ಊಟದ ಡಬ್ಬ. ಎವರ್‌ಗ್ಲೇಡ್ಸ್‌ನ ರಕೂನ್‌ಗಳು ತೆಳು ಪ್ಲಾಸ್ಟಿಕ್ ಕ್ಯಾನ್ ಕಚ್ಚಿ ಕುಡಿಯುವ ನೀರನ್ನೂ ಬಿಡುವುದಿಲ್ಲ.
- ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ನಾಲ್ಕು ಲೀಟರ್ ಹತ್ತಿರ, ಕುಡಿಯುವ ನೀರು.
- ಸ್ಯಾಟಲೈಟ್ ಸಂದೇಶ ಕಳಿಸುವ ಸಾಧನ. ಒಳಗೆ ಹೋದಮೇಲೆ ಫೋನ್ ಸಿಗ್ನಲ್ ನೆಚ್ಚಿಕೊಳ್ಳಬೇಡಿ.
- ಬಿಗಿಯಾಗಿ ಕಟ್ಟಲು ಬ್ಯಾಂಡೇಜ್, ಗಾಯ ತೊಳೆಯಲು ಶುದ್ಧ ನೀರು.

ನಾಯಿಯನ್ನು ಮನೆಯಲ್ಲೇ ಬಿಡಿ. ಅಲಿಗೇಟರ್ ಕಣ್ಣಿಗೆ ನಾಯಿ ಅಂದರೆ ಅದು ಸಾಮಾನ್ಯವಾಗಿ ಬೇಟೆಯಾಡುವ ಗಾತ್ರದ ಪ್ರಾಣಿ. ಅದರ ಬೊಗಳು, ನೀರಿನ ಸದ್ದು ಎರಡೂ ಅಲಿಗೇಟರನ್ನು ಹತ್ತಿರ ಕರೆಯುತ್ತವೆ, ಆಮೇಲೆ ನಾಯಿಯನ್ನು ಬಿಡಿಸಲು ನೀವೇ ನೀರಿಗೆ ಹಾರುತ್ತೀರಿ.

ಕೊನೆಯದಾಗಿ, ಎಲ್ಲಿಂದ ಹೊರಡುತ್ತೀರಿ, ಯಾವ ತಾಣ, ಯಾವತ್ತು ಎಷ್ಟು ಹೊತ್ತಿಗೆ ವಾಪಸ್, ಕಾರಿನ ನಂಬರ್ ಏನು ಎಂದು ಬರೆದು ಮನೆಯಲ್ಲಿರುವ ಒಬ್ಬರಿಗೆ ಕೊಡಿ.

ಹಂತ 3: ದಡದಲ್ಲಿ ಹತ್ತು ನಿಮಿಷ ಸುಮ್ನೆ ನಿಲ್ಲಿ

ಎಲ್ಲರೂ ಬಿಡುವ ಹಂತ ಇದು. ಕಾರಿಂದ ಇಳಿದ ತಕ್ಷಣ ಸಾಮಾನು ಇಳಿಸಿ, ದೋಣಿಯನ್ನು ನೀರಿಗೆ ತಳ್ಳಿ, ಆಮೇಲೆ ಸುತ್ತ ನೋಡುತ್ತಾರೆ. ಬೇಡ. ಸಾಮಾನು ಕಾರಲ್ಲೇ ಇರಲಿ, ಮಕ್ಕಳೂ ಕಾರಲ್ಲೇ ಇರಲಿ. ಒಬ್ಬರು ದೊಡ್ಡವರು ನೀರಿನಿಂದ ಹದಿನೈದು ಇಪ್ಪತ್ತು ಅಡಿ ಹಿಂದೆ ನಿಂತು ಹತ್ತು ನಿಮಿಷ ನೀರು ನೋಡಲಿ.

ಏನು ನೋಡಬೇಕು? ಮೊದಲು ಮಣ್ಣು. ಅಲಿಗೇಟರ್ ಹತ್ತಿ ಇಳಿಯುವ ಕಡೆ ದಡದ ಕೆಸರು ಜಾರುಬಂಡೆಯ ಹಾಗೆ ನುಣುಪಾಗಿರುತ್ತದೆ, ಎರಡೂ ಬದಿಗೆ ಹುಲ್ಲು ಮಲಗಿರುತ್ತದೆ. ಆ ಕೆಸರು ಇನ್ನೂ ಹಸಿಯಾಗಿ ಹೊಳೆಯುತ್ತಿದ್ದರೆ ಅದು ಈಗ ತಾನೇ ಇಳಿದಿದೆ ಎಂದರ್ಥ.

ಆಮೇಲೆ ನೀರಿನ ಮೇಲ್ಮೈ. ತೇಲುವ ಅಲಿಗೇಟರ್‌ನ ಮೂಗು, ಕಣ್ಣು ಮಾತ್ರ ಮೇಲಿರುತ್ತವೆ: ಮುಂದೆ ಒಂದು ಗಂಟು, ಸ್ವಲ್ಪ ಬಿಟ್ಟು ಎರಡು ಗಂಟು. ಕೊಳೆತ ಮರದ ತುಂಡಿನ ಹಾಗೇ ಕಾಣುತ್ತದೆ, ಆದರೆ ಮರದ ತುಂಡು ಗಾಳಿ ತಳ್ಳಿದ ಕಡೆ ಹೋಗುತ್ತದೆ, ಇದು ಹೋಗುವುದಿಲ್ಲ. ಕಣ್ಣಿನಿಂದ ಮೂಗಿನ ಹೊಳ್ಳೆವರೆಗೆ ಎಷ್ಟು ಇಂಚು ಇದೆಯೋ, ಪ್ರಾಣಿ ಸುಮಾರು ಅಷ್ಟು ಅಡಿ ಉದ್ದ. ನಮ್ಮ ಗೇಣಿನ ಲೆಕ್ಕ ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಮೂತಿ ಒಂದು ಗೇಣು ಅನ್ನಿಸಿದರೆ ಅದು ಒಂಬತ್ತು ಅಡಿಯ ಪ್ರಾಣಿ, ಅಲ್ಲಿ ದೋಣಿ ಇಳಿಸುವ ಮಾತೇ ಬೇಡ.

ಸಾಲಾಗಿ ಮುಂದೆ ಸಾಗುವ ಗುಳ್ಳೆಗಳು ಕಂಡರೆ ಅಡಿಯಲ್ಲಿ ಏನೋ ಚಲಿಸುತ್ತಿದೆ. ಅದು ಆಮೆಯೂ ಇರಬಹುದು, ಆದರೂ ನಿಲ್ಲುವವರೆಗೆ ಕಾಯಿರಿ. ದಡದಲ್ಲಿ ಹುಲ್ಲು, ಕೆಸರು ಒಟ್ಟಿ ಮಾಡಿದ ಮೊಣಕಾಲೆತ್ತರದ ದಿಬ್ಬ ಕಂಡರೆ ಅದು ಗೂಡು, ಆ ಜಾಗವನ್ನೇ ಬಿಟ್ಟುಬಿಡಿ. ಗೇಣುದ್ದದ, ಕಪ್ಪು ಮೈಮೇಲೆ ಹಳದಿ ಪಟ್ಟೆ ಇರುವ ಮರಿಗಳು ಕಂಡರೆ, ಇಲ್ಲಾ ಜೊಂಡಿನೊಳಗಿಂದ ಅವುಗಳ ಕೀರಲು ಕೂಗು ಕೇಳಿದರೆ, ತಾಯಿ ಅಲ್ಲೇ ಇದೆ. ನಿಮಗೆ ಕಾಣುತ್ತಿಲ್ಲ ಅಷ್ಟೇ. ಮರಿಗಳ ಫೋಟೋ ಬೇಡ.

ಎಲ್ಲಕ್ಕಿಂತ ಕೆಟ್ಟ ಸೂಚನೆ ಯಾವುದು ಅಂದರೆ, ನಿಮ್ಮನ್ನು ನೋಡಿ ಹತ್ತಿರ ಬರುವ ಅಲಿಗೇಟರ್. ಯಾರೋ ಅದಕ್ಕೆ ಬ್ರೆಡ್, ಕೋಳಿ, ಮೀನಿನ ಕರುಳು ಎಸೆದು ಅಭ್ಯಾಸ ಮಾಡಿಸಿದ್ದಾರೆ. ಫ್ಲೋರಿಡಾದಲ್ಲಿ ಅಲಿಗೇಟರ್‌ಗೆ ತಿನ್ನಲು ಹಾಕುವುದು ಅಪರಾಧ, ಕಾರಣ ಇದೇ. ಮೀನು ಕುಯ್ಯುವ ಕಟ್ಟೆ ಇರುವ ಕಡೆ ದೋಣಿ ಇಳಿಸಬೇಡಿ.

ಹಂತ 4: ದೋಣಿ ಇಳಿಸುವ ಕ್ರಮ

ದೋಣಿಯನ್ನು ನೀರಿನಿಂದ ದೂರದಲ್ಲೇ ಪೂರ್ತಿ ತುಂಬಿ. ಲೈಫ್ ಜಾಕೆಟ್ ಅಲ್ಲೇ ಹಾಕಿ ಮುಗಿಸಿ. ಆಮೇಲೆ ಇಬ್ಬರು ಎತ್ತಿಕೊಂಡು ಹೋಗಿ ನೀರಿಗೆ ಇಡುವುದು, ಮೊದಲು ಮಕ್ಕಳು ದಡದ ಕಡೆಯಿಂದ ಹತ್ತುವುದು, ಕೊನೆಯವರು ತಳ್ಳಿ ಹತ್ತುವುದು. ನೀರಿನ ಅಂಚಿನಲ್ಲಿ ಇರುವ ಸಮಯ ಒಂದು ನಿಮಿಷ ದಾಟಬಾರದು. ಅಂಚಲ್ಲಿ ಕುಕ್ಕರುಗಾಲಲ್ಲಿ ಕೂತು ಚಪ್ಪಲಿ ತೊಳೆಯುವುದು, ಸನ್‌ಸ್ಕ್ರೀನ್ ಹಚ್ಚುವುದು, ಗ್ರೂಪ್ ಫೋಟೋ, ಇವೆಲ್ಲ ಕಾರಿನ ಹತ್ತಿರ ಮುಗಿಯಲಿ.

ಅಲಿಗೇಟರ್ ಇಳಿಯುವ ಜಾಗದಲ್ಲೇ ಮಲಗಿದ್ದರೆ? ಕಲ್ಲು ಎಸೆಯಬೇಡಿ, ಹುಟ್ಟಿನಿಂದ ತಿವಿಯಬೇಡಿ. ಬೇರೆ ಕಡೆ ಇಳಿಯಿರಿ, ಇಲ್ಲಾ ಕಾಯಿರಿ. ಎವರ್‌ಗ್ಲೇಡ್ಸ್‌ನ ನೈನ್ ಮೈಲ್ ಪಾಂಡ್‌ನಲ್ಲಿ ಪಾರ್ಕಿಂಗ್ ಪಕ್ಕದಲ್ಲೇ ಅಲಿಗೇಟರ್ ಕಾಣಿಸುವುದು ಮಾಮೂಲು. ಅಲ್ಲಿನ 5.2 ಮೈಲಿಯ ಸುತ್ತುದಾರಿ ನಂಬರ್ ಹಾಕಿದ ಬಿಳಿ ಕಂಬಗಳಿಂದ ಗುರುತಾಗಿದೆ, ಹೊಸಬರಿಗೆ ಹೇಳಿ ಮಾಡಿಸಿದ ಜಾಗ. ನಾನೊಮ್ಮೆ ಅಲ್ಲಿ ಮುಕ್ಕಾಲು ಗಂಟೆ ಕಾದಿದ್ದೇನೆ. ಫ್ಲಾಸ್ಕ್‌ನಲ್ಲಿದ್ದ ಕಾಫಿ ಮುಗಿಯುವ ಹೊತ್ತಿಗೆ ಅದೇ ಎದ್ದು ಹೋಯಿತು.

ಹಂತ 5: ಹುಟ್ಟು ಹಾಕುವಾಗ

ಅಲಿಗೇಟರ್‌ನಿಂದ ಕನಿಷ್ಠ 15 ಅಡಿ ದೂರ ಇರಬೇಕು ಎನ್ನುವುದು ಎವರ್‌ಗ್ಲೇಡ್ಸ್‌ನ ಸೂಚನೆ. ಅದು ಕೊನೆಯ ಗೆರೆ. ನೀರಿನ ಮೇಲೆ ನಾನು 60 ಅಡಿ, ಅಂದರೆ ಸುಮಾರು ನಾಲ್ಕು ದೋಣಿ ಉದ್ದ ಇಟ್ಟುಕೊಳ್ಳುತ್ತೇನೆ. ಅದು ಬುಸುಗುಟ್ಟಿತು ಅಂದರೆ ನೀವು ಆಗಲೇ ತುಂಬಾ ಹತ್ತಿರ ಹೋಗಿದ್ದೀರಿ. ಸದ್ದಿಲ್ಲದೆ, ಬೆನ್ನು ತೋರಿಸದೆ, ಹಿಂದಕ್ಕೆ ಹುಟ್ಟು ಹಾಕಿ.

ನದಿಯಲ್ಲಿ, ಕಾಲುವೆಯಲ್ಲಿ ಯಾವಾಗಲೂ ನಡುವೆ ಸಾಗಿ. ಜೊಂಡು, ನೈದಿಲೆ ಎಲೆಗಳ ಅಂಚನ್ನು ಸವರಿಕೊಂಡು ಹೋಗಬೇಡಿ. ತಿರುವು ಬರುವ ಮೊದಲು ಹುಟ್ಟಿನಿಂದ ದೋಣಿಯ ಬದಿಯನ್ನು ಎರಡು ಸಲ ತಟ್ಟಿ, ಜೋರಾಗಿ ಮಾತಾಡಿ. ನೀವು ಬರುತ್ತಿರುವುದು ಅದಕ್ಕೆ ಗೊತ್ತಾದರೆ ತಾನಾಗಿಯೇ ದಾರಿ ಬಿಡುತ್ತದೆ. ಬೆಚ್ಚಿಬಿದ್ದ ಅಲಿಗೇಟರ್‌ನ ಕಥೆ ಬೇರೆ.

ಕಿರಿದಾದ ದಾರಿಯ ದಡದಲ್ಲಿ ಅದು ಮಲಗಿದೆ, ನೀವು ಹಾದುಹೋಗಬೇಕು. ಇಲ್ಲಿ ಹತ್ತರಲ್ಲಿ ಒಂಬತ್ತು ಜನ ಗಾಬರಿಯಲ್ಲಿ ಜೋರಾಗಿ ಹುಟ್ಟು ಹಾಕುತ್ತಾರೆ. ಅಲಿಗೇಟರ್‌ಗೆ ಹೆದರಿಕೆಯಾದರೆ ಅದು ಓಡುವುದು ಆಳದ ನೀರಿಗೆ. ಆಳ ಇರುವುದು ನಿಮ್ಮ ದೋಣಿಯ ಅಡಿಯಲ್ಲಿ! ಹಾಗಾಗಿ ದೂರದಲ್ಲೇ ನಿಂತು, ಸದ್ದು ಮಾಡಿ, ಅದು ನೀರಿಗೆ ಜಾರಿ ಎಲ್ಲಿಗೆ ಹೋಗುತ್ತದೋ ಹೋಗಲಿ ಎಂದು ಬಿಡಿ. ಎರಡು ನಿಮಿಷ ಕಾಯಿರಿ, ಗುಳ್ಳೆ ನೋಡಿ, ಆಮೇಲೆ ಆಚೆ ದಡದ ಕಡೆಯಿಂದ ನಿಧಾನವಾಗಿ ಹಾದುಹೋಗಿ. ಅದಕ್ಕೂ ಆಳದ ನೀರಿಗೂ ನಡುವೆ ನೀವು ಬರಬಾರದು, ಅದಕ್ಕೂ ಅದರ ಮರಿಗಳಿಗೂ ನಡುವೆ ಎಂದಿಗೂ ಬರಬಾರದು.

ಆಳವಿಲ್ಲದ ನೀರು ಸುರಕ್ಷಿತ ಅಂತ ಬಹಳ ಜನ ಅಂದುಕೊಳ್ಳುತ್ತಾರೆ, ಬಿದ್ದರೂ ಕಾಲು ತಾಗುತ್ತದಲ್ವಾ ಅಂತ. 2025ರ ಮೇ ತಿಂಗಳಲ್ಲಿ ಮಧ್ಯ ಫ್ಲೋರಿಡಾದ ಕಿಸ್ಸಿಮ್ಮೀ ಕೆರೆಗೆ ಸೇರುವ ಟೈಗರ್ ಕ್ರೀಕ್‌ನ ಬಾಯಲ್ಲಿ ಗಂಡ ಹೆಂಡತಿ 14 ಅಡಿಯ ಕನೂನಲ್ಲಿ ಹೋಗುತ್ತಿದ್ದರು. ನೀರು ಎರಡೂವರೆ ಅಡಿ ಮಾತ್ರ. ದೋಣಿ 11 ಅಡಿ ದಾಟಿದ ಒಂದು ಅಲಿಗೇಟರ್‌ನ ಮೇಲೆ ಹಾದುಹೋಯಿತು. ಅದು ಒದ್ದಾಡಿದ ರಭಸಕ್ಕೆ ದೋಣಿ ಮಗುಚಿತು, ಹೆಂಡತಿ ಅದರ ಮೇಲೆಯೇ ಬಿದ್ದರು. ಗಂಡ ಬಿಡಿಸಲು ಹೋರಾಡಿದರೂ ಉಳಿಸಿಕೊಳ್ಳಲು ಆಗಲಿಲ್ಲ. ಆ ದಂಪತಿ ಅಲಿಗೇಟರನ್ನು ಕೆಣಕಲು ಹೋದವರಲ್ಲ. ಇದನ್ನು ಬರೆಯುವಾಗಲೂ ನನಗೆ ಮನಸ್ಸು ಭಾರವಾಗುತ್ತದೆ, ಆದರೆ ಹೇಳದೆ ಇರಲಾಗದು: ಆಳದಲ್ಲಿ ಅಲಿಗೇಟರ್‌ಗೆ ದೋಣಿಯ ಅಡಿಯಿಂದ ತಪ್ಪಿಸಿಕೊಳ್ಳಲು ಜಾಗ ಇರುತ್ತದೆ, ಎರಡು ಮೂರು ಅಡಿ ನೀರಿನಲ್ಲಿ ಇರುವುದಿಲ್ಲ. ನೀರು ಮೊಣಕಾಲಿಂದ ಸೊಂಟದಷ್ಟಿದ್ದು, ತಳ ಕಾಣದಿದ್ದರೆ, ಅದರಲ್ಲೂ ಏಪ್ರಿಲ್‌ನಿಂದ ಜೂನ್ ಆಗಿದ್ದರೆ, ಆ ದಾರಿ ಬಿಟ್ಟು ಆಳದ ಕಡೆ ತಿರುಗಿ. ಮುಂದೆ ಕೆಸರು ಏಕಾಏಕಿ ಮೋಡದ ಹಾಗೆ ಎದ್ದರೆ ಅಲ್ಲೇ ನಿಲ್ಲಿ.

ಕೈ ಕಾಲು ನೀರಿಗೆ ಇಳಿಬಿಡಬೇಡಿ. ಅಲಿಗೇಟರ್‌ನ ದವಡೆಯ ತುಂಬಾ ಸಣ್ಣ ಸಣ್ಣ ಉಬ್ಬುಗಳಿವೆ, ನೀರಿನ ಸಣ್ಣ ಅಲುಗಾಟವನ್ನೂ ಅವು ಹಿಡಿಯುತ್ತವೆ. ಮಕ್ಕಳು ಬೆರಳಲ್ಲಿ ನೀರು ಚಿಮ್ಮಿಸುವುದು ಅದಕ್ಕೆ ಗಾಯಗೊಂಡ ಮೀನಿನ ಹಾಗೇ ಕೇಳಿಸಬಹುದು. ಹಿಡಿದ ಮೀನನ್ನು ದೋಣಿಯ ಬದಿಗೆ ದಾರ ಕಟ್ಟಿ ನೀರಲ್ಲಿ ಎಳೆದುಕೊಂಡು ಹೋಗುವುದಂತೂ ಅದನ್ನು ಊಟಕ್ಕೆ ಕರೆದಂತೆ.

ಹಂತ 6: ಈಜು

ಈ ಹಂತ ಚಿಕ್ಕದು, ಏಕೆಂದರೆ ನಿಯಮಗಳೂ ಕಮ್ಮಿ. ಈಜಲು ಗುರುತು ಹಾಕಿದ ಜಾಗದಲ್ಲಿ ಮಾತ್ರ, ಹಗಲಲ್ಲಿ ಮಾತ್ರ, ತಳ ಕಾಣುವ ನೀರಲ್ಲಿ ಮಾತ್ರ. ನಾನು ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ನಾಲ್ಕರ ಲೆಕ್ಕ ಇಟ್ಟುಕೊಂಡಿದ್ದೇನೆ. ಸ್ಪ್ರಿಂಗ್‌ನ ಕೊಳದಿಂದ ನದಿ ಹೊರಡುವ ಕಡೆ ಹಗ್ಗವೋ ಬೋರ್ಡೋ ಇರುತ್ತದೆ, ಅದನ್ನು ದಾಟಬೇಡಿ. ಕೊಳದಲ್ಲಿ ಜನ ಇದ್ದಾರೆ, ನೀರು ತಿಳಿ. ದಾಟಿದ ನೂರು ಅಡಿಯಲ್ಲಿ ಜೊಂಡು ಶುರು.

ಗೇಟ್ ಮುಚ್ಚಿದ್ದರೆ, ಅಲಿಗೇಟರ್ ಕಂಡಿದೆ ಎಂದು ಈಜು ನಿಲ್ಲಿಸಿದ್ದರೆ, ಜಗಳ ಆಡಬೇಡಿ, ಬೇರೆ ಸ್ಪ್ರಿಂಗ್‌ಗೆ ಹೋಗಿ.

ನಿಜವಾದ ತೊಂದರೆ ಈಜುತ್ತಿದ್ದೇವೆ ಅಂತ ನಮಗೇ ಅನ್ನಿಸದ ಈಜಿನಲ್ಲಿದೆ. ದೋಣಿಯಿಂದ ಬಿದ್ದ ಟೋಪಿ ತರಲು ಇಳಿಯುವುದು. ಸಂಜೆ ದಡದಲ್ಲಿ ಪಾದ ಮುಳುಗಿಸಿ ಕೂರುವುದು. 2016ರ ಜೂನ್‌ನಲ್ಲಿ ಒರ್ಲ್ಯಾಂಡೋದ ಒಂದು ರೆಸಾರ್ಟ್‌ನ ಕೊಳದಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ಎರಡು ವರ್ಷದ ಮಗು ಪಾದ ಮುಳುಗುವಷ್ಟು ನೀರಲ್ಲಿ ಆಡುತ್ತಿತ್ತು, ಅಪ್ಪ ಅಮ್ಮ ಅಲ್ಲೇ ಇದ್ದರು. ಮಗುವನ್ನು ಅಲಿಗೇಟರ್ ಎಳೆದುಕೊಂಡು ಹೋಯಿತು. ಮರಳು ಹಾಕಿದ ದಡ, ಕುರ್ಚಿಗಳು, ದೀಪಗಳು ಇದ್ದ ಜಾಗ ಅದು.

ನಮ್ಮವರ ಮನೆಗಳ ಹಿಂದಿರುವ ಮಳೆನೀರಿನ ಹೊಂಡಗಳಿಗೂ ಇದೇ ಮಾತು. ಟ್ಯಾಂಪಾ, ಜಾಕ್ಸನ್‌ವಿಲ್, ಒರ್ಲ್ಯಾಂಡೋ, ಎಲ್ಲಿ ಹೊಸ ಬಡಾವಣೆ ಇದೆಯೋ ಅಲ್ಲಿ ಒಂದು ಹೊಂಡ ಇದೆ, ಅದರ ಪಕ್ಕದ ಹುಲ್ಲಿನಲ್ಲಿ ಸಂಜೆ ಕ್ರಿಕೆಟ್ ಇದೆ. ಚೆಂಡು ನೀರಿಗೆ ಬಿತ್ತು ಅಂದರೆ ಆ ಚೆಂಡು ಹೋಯಿತು. ಮಕ್ಕಳಿಗೆ ಇದನ್ನು ಮೊದಲ ದಿನವೇ ಹೇಳಿ, ಕೈಯಲ್ಲಿ ಇನ್ನೆರಡು ಚೆಂಡು ಕೊಟ್ಟು ಹೇಳಿ.

ಹಂತ 7: ರಾತ್ರಿ ತಂಗುವುದು

ಹೊಸಬರಿಗೆ ಎತ್ತರದ ಮರದ ಅಟ್ಟಣೆಗಳೇ ಒಳ್ಳೆಯದು. ಎವರ್‌ಗ್ಲೇಡ್ಸ್‌ನಲ್ಲಿ ಇವನ್ನು ಚಿಕ್ಕೀ ಅನ್ನುತ್ತಾರೆ, ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಸುಮಾರು 10 ಅಡಿಗೆ 12 ಅಡಿಯ ಕಟ್ಟೆ, ಮೇಲೆ ಸೂರು, ಪಕ್ಕದಲ್ಲಿ ಶೌಚಾಲಯ. ಓಕೆಫೆನೋಕಿಯಲ್ಲೂ ರೌಂಡ್ ಟಾಪ್, ಬಿಗ್ ವಾಟರ್ ಮುಂತಾದ ಕಟ್ಟೆಗಳಿವೆ. ಮರದ ಹಲಗೆಗೆ ಗೂಟ ಹೊಡೆಯಲು ಆಗದು, ತಾನಾಗಿಯೇ ನಿಲ್ಲುವ ಟೆಂಟ್ ಬೇಕು. ಗೂಟದ ಟೆಂಟ್ ತಂದು ಒದ್ದಾಡಿದವರನ್ನು ಕಣ್ಣಾರೆ ನೋಡಿದ್ದೇನೆ.

ಸೂರ್ಯ ಮುಳುಗಲು ಎರಡು ಗಂಟೆ ಇರುವಾಗಲೇ ತಲುಪಿ. ಕ್ರಮ ಹೀಗಿರಲಿ: ದೋಣಿ ಎರಡು ಕಡೆ ಕಟ್ಟುವುದು, ಜನ ಮೇಲೆ ಹತ್ತುವುದು, ಸಾಮಾನು, ಟೆಂಟ್, ಬೆಳಕಿರುವಾಗಲೇ ಅಡುಗೆ, ಊಟ, ಪಾತ್ರೆ. ಕತ್ತಲಾದ ಮೇಲೆ ನೀರಿನ ಹತ್ತಿರ ಯಾವ ಕೆಲಸವೂ ಉಳಿಯಬಾರದು.

ನೆಲದ ಮೇಲೆ ತಂಗುವುದಾದರೆ ಟೆಂಟ್ ನೀರಿನಿಂದ ಕನಿಷ್ಠ 50 ಅಡಿ ದೂರ, ಸ್ವಲ್ಪ ಎತ್ತರದಲ್ಲಿ ಇರಲಿ. ಜಾರಿದ ಕೆಸರಿನ ಗುರುತು ಇರುವ ಕಡೆ ಬೇಡ, ಅದು ಅಲಿಗೇಟರ್ ಓಡಾಡುವ ದಾರಿ. ಅಡುಗೆಯ ಜಾಗ ಟೆಂಟ್‌ನಿಂದ ದೂರ ಇರಲಿ.

ಪಾತ್ರೆಯ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಾನೇ ತಪ್ಪು ಮಾಡಿದ್ದು ಇಲ್ಲಿ. ಓಕೆಫೆನೋಕಿಯ ಒಂದು ಕಟ್ಟೆಯ ಮೇಲೆ ಅನ್ನ ಮಾಡಿದ ಪಾತ್ರೆ ಹಿಡಿದು ಅಂಚಿಗೆ ಬಂದೆ. ಮಂಡಿಯೂರಿ ಬಗ್ಗಿದೆ. ಟೀ ಡಿಕಾಕ್ಷನ್ ಬಣ್ಣದ ನೀರು, ಒಂದಿಂಚು ಕೆಳಗೆ ಏನೂ ಕಾಣದು. ಪಾತ್ರೆ ನೀರಿಗೆ ತಾಗಿ ಠಣ್ ಅಂತ ಸದ್ದಾಯಿತು. ಕಟ್ಟೆಯ ಅಡಿಯಿಂದ ತಲೆಯೊಂದು ಸದ್ದೇ ಇಲ್ಲದೆ ಮೇಲೆ ಬಂತು. ನನ್ನ ಕೈಯಿಂದ ಮೂರಡಿ. ಹೊಳ್ಳೆಯ ಮುಚ್ಚಳ ತೆರೆದು ಉಸಿರು ಬಿಟ್ಟಿದ್ದು ಕೇಳಿಸಿತು. ಹಳದಿ ಹಸಿರು ಕಣ್ಣು, ನಡುವೆ ನೆಟ್ಟಗೆ ಕಪ್ಪು ಗೆರೆ, ರೆಪ್ಪೆಯ ಮೇಲೆ ಒಂದು ಅಗುಳು ಅನ್ನ ಅಂಟಿಕೊಂಡಿತ್ತು. ಮುಂಚೆ ತಂಗಿದ್ದವರೂ ಅಲ್ಲೇ ಪಾತ್ರೆ ತೊಳೆದಿರಬೇಕು, ಪಾತ್ರೆಯ ಸದ್ದು ಅಂದರೆ ಊಟ ಅಂತ ಅದು ಕಲಿತುಬಿಟ್ಟಿತ್ತು. ನಾನು ಪಾತ್ರೆ ಬಿಟ್ಟು ಹಿಂದಕ್ಕೆ ಸರಿದೆ. ಆ ಪಾತ್ರೆ ಈಗಲೂ ಅಲ್ಲೇ ತಳದಲ್ಲಿದೆ.

ಅಂದಿನಿಂದ ಹೀಗೆ ಮಾಡುತ್ತೇನೆ. ಪಾತ್ರೆಯನ್ನು ಮೊದಲು ಕಾಗದದಲ್ಲಿ ಒರೆಸುವುದು, ಆ ಕಾಗದ ಕಸದ ಚೀಲಕ್ಕೆ. ಹಗ್ಗದ ಬಕೆಟ್‌ನಲ್ಲಿ ನಿಂತುಕೊಂಡೇ ನೀರು ಸೇದುವುದು, ಅಂಚಿನಿಂದ ಒಂದು ಹೆಜ್ಜೆ ಹಿಂದೆ ನಿಂತು, ಪ್ರತಿ ಸಲ ಬೇರೆ ಕಡೆಯಿಂದ. ತೊಳೆದ ನೀರನ್ನು ಸೋಸಿ, ಉಳಿದ ಅಗುಳನ್ನೂ ಚೀಲಕ್ಕೇ ಹಾಕುವುದು. ನೆಲದ ಮೇಲಿನ ತಾಣವಾದರೆ ನೀರಿನಿಂದ 200 ಅಡಿ ದೂರ ತೊಳೆಯುವುದು. ನಾನು ಈಗ ಅನ್ನ ಮಾಡುವುದನ್ನೇ ಬಿಟ್ಟು ಅವಲಕ್ಕಿ, ಚಪಾತಿ, ಚಟ್ನಿಪುಡಿ ಒಯ್ಯುತ್ತೇನೆ. ಒಣಮೀನು ಬೇಡವೇ ಬೇಡ.

ಮಲಗುವ ಮೊದಲು ಹೆಡ್‌ಲ್ಯಾಂಪ್ ಅನ್ನು ಹಣೆಯ ಮೇಲೆ ಇಟ್ಟುಕೊಂಡು ನೀರಿನ ಸುತ್ತ ಒಮ್ಮೆ ತಿರುಗಿಸಿ. ಅಲಿಗೇಟರ್‌ನ ಕಣ್ಣು ಕೆಂಡದ ಹಾಗೆ ಕೆಂಪಗೆ ಹೊಳೆಯುತ್ತದೆ. ದೂರದಲ್ಲಿ ನಾಲ್ಕಾರು ಕೆಂಡ ಕಂಡರೆ ಹೆದರಬೇಡಿ, ಅದು ಅವುಗಳ ಮನೆ. ಒಂದು ಜೋಡಿ ಹತ್ತಿರವೇ ಇದ್ದು, ಅರ್ಧ ಗಂಟೆ ಬಿಟ್ಟು ನೋಡಿದರೂ ಅಲ್ಲೇ ಇದ್ದರೆ, ಊಟದ ಡಬ್ಬ ಮತ್ತೆ ಪರೀಕ್ಷಿಸಿ, ಅಂಚಿಗೆ ಯಾರನ್ನೂ ಬಿಡಬೇಡಿ. ರಾತ್ರಿ ಮಕ್ಕಳು ಶೌಚಕ್ಕೆ ಎದ್ದರೆ ಜೊತೆಗೆ ಒಬ್ಬರು ದೊಡ್ಡವರು, ದೀಪ.

ವಸಂತದ ಬೆಳಗಿನ ಜಾವ ಕಟ್ಟೆಯೇ ನಡುಗುವಂಥ ಗುಟುರು ಕೇಳಿಸಬಹುದು. ಗಂಡು ಅಲಿಗೇಟರ್ ತಲೆ, ಬಾಲ ಎತ್ತಿ ಕೂಗುವ ಮುಂಚೆ, ನಮ್ಮ ಕಿವಿಗೆ ಕೇಳದ ಸದ್ದಿಗೆ ಅದರ ಬೆನ್ನ ಮೇಲಿನ ನೀರು ಕಾದ ಹೆಂಚಿನ ಮೇಲೆ ಚಿಮುಕಿಸಿದ ಹಾಗೆ ಕುಣಿಯುತ್ತದೆ. ಅದು ನಿಮ್ಮ ಮೇಲಿನ ಸಿಟ್ಟಲ್ಲ. ಮೇಲೆಯೇ ಕೂತು ನೋಡಿ.

ಹಂತ 8: ಎಡವಟ್ಟಾದರೆ

ದೋಣಿ ಮಗುಚಿದರೆ ದೋಣಿಯನ್ನು ಬಿಡಬೇಡಿ. ಕೈ ಕಾಲು ಬಡಿಯಬೇಡಿ, ಕೂಗಾಡಬೇಡಿ, ಎಲ್ಲರೂ ದೋಣಿಯ ಹತ್ತಿರ ಸೇರಿ, ಬೇಗ ಮತ್ತೆ ಹತ್ತಿ. ಹತ್ತುವುದನ್ನು ಮೊದಲೇ ಈಜುಕೊಳದಲ್ಲಿ ಅಭ್ಯಾಸ ಮಾಡಿರಬೇಕು. ಅಭ್ಯಾಸ ಇಲ್ಲದವರನ್ನು ನಾನು ಕರೆದುಕೊಂಡು ಹೋಗುವುದೇ ಇಲ್ಲ. ದಡಕ್ಕೆ ಹೋಗಲೇಬೇಕಿದ್ದರೆ ಜೊಂಡಿಲ್ಲದ, ಬಯಲಾದ ದಡ ಆರಿಸಿ.

ನೆಲದ ಮೇಲೆ ಎದುರಾದರೆ ನಿಧಾನವಾಗಿ ಹಿಂದೆ ಸರಿಯಿರಿ. ಅಟ್ಟಿಸಿಕೊಂಡು ಬಂದರೆ ನೀರಿಗೆ ವಿರುದ್ಧ ದಿಕ್ಕಿಗೆ ನೇರವಾಗಿ ಓಡಿ. ಅಂಕುಡೊಂಕಾಗಿ ಓಡಬೇಕು ಎನ್ನುವುದು ಎಲ್ಲರೂ ಹೇಳುವ ಸುಳ್ಳು. ಅಲಿಗೇಟರ್ ನೆಲದ ಮೇಲೆ ಸ್ವಲ್ಪ ದೂರಕ್ಕೇ ಸುಸ್ತಾಗುತ್ತದೆ, ನೇರ ಓಟವೇ ನಿಮಗೆ ಲಾಭ.

ಕಚ್ಚಿದರೆ ಸತ್ತಂತೆ ಬಿದ್ದುಕೊಳ್ಳಬೇಡಿ. ಕಣ್ಣಿಗೆ ತಿವಿಯಿರಿ, ಮೂತಿಗೆ ಗುದ್ದಿ, ಇರುವ ಶಕ್ತಿಯೆಲ್ಲ ಹಾಕಿ ಗಲಾಟೆ ಮಾಡಿ. ಹಿಡಿತ ಸರಿಮಾಡಿಕೊಳ್ಳಲು ಅದು ಕೆಲವೊಮ್ಮೆ ಬಾಯಿ ಸಡಿಲಿಸುತ್ತದೆ, ಆ ಕ್ಷಣದಲ್ಲಿ ಹೊರಬರಬೇಕು. ಹೊರಬಂದ ಮೇಲೆ ಗಾಯದ ಮೇಲೆ ಒತ್ತಿ ಹಿಡಿದು ರಕ್ತ ನಿಲ್ಲಿಸಿ, 911ಕ್ಕೆ ಕರೆ ಮಾಡಿ, ಇಲ್ಲಾ ಸ್ಯಾಟಲೈಟ್ ಸಾಧನದ ತುರ್ತು ಗುಂಡಿ ಒತ್ತಿ. ಸಣ್ಣ ಗಾಯ ಅಂತ ಸುಮ್ಮನಾಗಬೇಡಿ. ಅದರ ಬಾಯಲ್ಲಿರುವ ಬ್ಯಾಕ್ಟೀರಿಯಾದಿಂದ ಗಾಯ ಬೇಗ ಕೀವಾಗುತ್ತದೆ. ಅಲಿಗೇಟರ್ ಕಚ್ಚಿದ್ದು, ಕೆರೆ ನೀರು ತಾಗಿದೆ ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಫ್ಲೋರಿಡಾದಲ್ಲಿ ನಾಲ್ಕಡಿಗಿಂತ ಉದ್ದದ ಅಲಿಗೇಟರ್ ಜನರಿಗೋ ಸಾಕುಪ್ರಾಣಿಗೋ ಅಪಾಯ ಅನ್ನಿಸಿದರೆ ರಾಜ್ಯದ ವನ್ಯಜೀವಿ ಆಯೋಗದ ಸಹಾಯವಾಣಿ ಇದೆ: 866-392-4286. ಪಾರ್ಕ್ ಒಳಗಿದ್ದರೆ ರೇಂಜರ್‌ಗೆ ಹೇಳಿ.

ಹಂತ 9: ವಾಪಸ್ ದಡಕ್ಕೆ

ಬೆಳಗ್ಗೆ ಹೊರಟಾಗ ಇದ್ದ ಎಚ್ಚರ ಸಂಜೆ ಇರುವುದಿಲ್ಲ. ತೋಳು ನೋಯುತ್ತಿರುತ್ತದೆ, ಮಕ್ಕಳು ಹಸಿದಿರುತ್ತಾರೆ, ಕಾರು ಕಾಣಿಸುತ್ತಿರುತ್ತದೆ. ಆದರೂ ದಡದಿಂದ 60 ಅಡಿ ದೂರದಲ್ಲೇ ದೋಣಿ ನಿಲ್ಲಿಸಿ, ಹಂತ 3ರಲ್ಲಿ ನೋಡಿದ್ದನ್ನೆಲ್ಲ ಈ ಕಡೆಯಿಂದ ಮತ್ತೊಮ್ಮೆ ನೋಡಿ. ಬೆಳಗ್ಗೆ ಖಾಲಿ ಇದ್ದ ಇಳಿಜಾರಿಗೆ ಈಗ ಯಾರೋ ಬಿಸಿಲು ಕಾಯಲು ಬಂದಿರಬಹುದು. ದೋಣಿಯ ಮೂತಿ ನೆಲಕ್ಕೆ ತಾಗಿದ ಮೇಲೆ ಮೊದಲು ದೊಡ್ಡವರೊಬ್ಬರು ಇಳಿದು ದೋಣಿ ಎಳೆದುಕೊಳ್ಳಲಿ, ಮಕ್ಕಳು ಇಳಿದವರೇ ಸೀದಾ ಕಾರಿನ ಹತ್ತಿರ ಹೋಗಲಿ. ದೋಣಿ ತೊಳೆಯುವುದು ಮನೆಯಲ್ಲಿ.

ಕಾರು ಹತ್ತಿದ ಮೇಲೆ, ವಿವರ ಬರೆದು ಕೊಟ್ಟಿದ್ದಿರಲ್ಲ, ಅವರಿಗೆ ಫೋನ್ ಮಾಡಿ ಬಂದೆವು ಅನ್ನಿ. ಅದನ್ನು ಮರೆತು ಮಲಗಿದರೆ ಮಧ್ಯರಾತ್ರಿ ರೇಂಜರ್‌ಗಳು ನಿಮ್ಮನ್ನು ಹುಡುಕಲು ಕತ್ತಲ ನೀರಿಗೆ ಇಳಿಯಬೇಕಾಗುತ್ತದೆ.